ಡಿಗ್ರಿ ಮುಗಿಸಿ ಮನೆಯಲ್ಲಿರುವ ಮಗ: ವಾಸ್ಕೋದ ಒಂದು ಮನೆಯ ಪ್ರಕರಣ

ಗದಗ ಜಿಲ್ಲೆಯ ರೋಣ ತಾಲೂಕಿನಿಂದ ಬಂದು ಗೋವಾದ ವಾಸ್ಕೋದಲ್ಲಿ ನೆಲೆ ನಿಂತ ಕುಟುಂಬ ಇದು. ಅಪ್ಪನಿಗೆ 50 ದಾಟಿದೆ, ಬಾಡಿಗೆ ಟೆಂಪೊ ಓಡಿಸುತ್ತಾರೆ. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ, ಸುತ್ತಲಿನ ಮನೆಗಳಿಗೆ ಕೊಡುತ್ತಾರೆ. ಮಗ 2022ರಲ್ಲಿ ಬಿ.ಕಾಂ. ಮುಗಿಸಿದ. ಎರಡೂ ಕಡೆಯ ಮನೆತನದಲ್ಲಿ ಮೊದಲ ಡಿಗ್ರಿ ಅವನದೇ. ಮಗಳು ಹನ್ನೆರಡನೆಯ ಕ್ಲಾಸ್ ಓದುತ್ತಿದ್ದಳು. 2024ರ ಆಗಸ್ಟ್‌ನಲ್ಲಿ ಅವ್ವ ನನ್ನ ಹತ್ತಿರ ಬಂದಾಗ ಮಗನಿಗೆ 23 ವರ್ಷ. ಎರಡು ವರ್ಷದಿಂದ ಕೆಲಸ ಇರಲಿಲ್ಲ.

ನಾನು ಸಮಾಜಕಾರ್ಯ ಓದಿದವಳು. ವಾಸ್ಕೋ ಸುತ್ತಮುತ್ತಲಿನ ಕನ್ನಡದ ಮನೆಗಳ ಜೊತೆ ಸಮಾಲೋಚನೆಯ ಕೆಲಸ ಮಾಡುತ್ತೇನೆ. 2011ರ ಜನಗಣತಿ ಪ್ರಕಾರ ಗೋವಾದಲ್ಲಿ ನೂರಕ್ಕೆ 4ರಿಂದ 5 ಜನರ ಮಾತೃಭಾಷೆ ಕನ್ನಡ. ಅವರಲ್ಲಿ ಬಹಳ ಮನೆಗಳ ಮಕ್ಕಳು ಈಗಷ್ಟೇ ಮೊದಲ ಸಲ ಡಿಗ್ರಿ ಮುಗಿಸುತ್ತಿದ್ದಾರೆ. ಹಾಗಾಗಿ ಈ ಪ್ರಕರಣ ಒಂದೇ ಮನೆಯದಲ್ಲ ಅನ್ನಿಸಿ, ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವ್ವ ಹೇಳಿದ್ದು, ಅಪ್ಪ ಹೇಳಿದ್ದು

ಅವ್ವನ ಮಾತು ಹೀಗಿತ್ತು: "ಅಕ್ಕಾರ, ಹೊತ್ತೇರಿದ ಮ್ಯಾಲ ಏಳ್ತಾನ್ರಿ. ಉಂಡ ತಾಟು ತೊಳೀತಾನ, ರೊಟ್ಟಿ ಕೊಟ್ಟ ಬಾ ಅಂದ್ರ ಹೋಗ್ತಾನ. ಕೆಟ್ಟ ಹುಡುಗ ಅಲ್ರಿ. ಆದ್ರ ಮಾತಾಡೂದಿಲ್ಲ. ನೌಕರಿ ಅಂತ ಬಾಯಿ ತೆಗದ್ರ ಎದ್ದ ಹೊರಗ ಹೋಗಿಬಿಡ್ತಾನ."

ಅಪ್ಪ ಬೇರೆ ದಿನ ಬಂದರು. ಅವರ ಸಿಟ್ಟಿಗೆ ಒಂದು ಇತಿಹಾಸ ಇದೆ. ಅವರು ಮೊದಲು ಅದಿರಿನ ಲಾರಿ ಓಡಿಸುತ್ತಿದ್ದವರು. 2012ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಲಾರಿಗಳು ಸಾಲಾಗಿ ನಿಂತುಬಿಟ್ಟವು. ಮತ್ತೆ ಶುರುವಾಗಿ, 2018ರಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿದಾಗ ಮತ್ತೆ ನಿಂತಿತು. ಎರಡೂ ಸಲ ಇವರು ಕೆಲಸ ಕಳೆದುಕೊಂಡರು. "ನಾ ಒಂದ ವಾರ ಸುಮ್ಮ ಕೂತಿಲ್ರಿ. ಮಾರ್ಕೆಟ್‌ನ್ಯಾಗ ಮೂಟಿ ಹೊತ್ತೀನಿ. ಇವಾ ಡಿಗ್ರಿ ಮಾಡ್ಯಾನ, ಎರಡ ವರ್ಷ ಮೊಬೈಲ್ ಹಿಡಕೊಂಡ ಮಲಗ್ಯಾನ."

ಈ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಹುಡುಗ ರಾತ್ರಿ ಎರಡು ಮೂರರ ತನಕ ಗೇಮ್ ಆಡುತ್ತಿದ್ದ. ಅದನ್ನು ಅವನೇ ಒಪ್ಪಿಕೊಂಡ. ಇನ್ನರ್ಧ ಅಪ್ಪನಿಗೆ ಕಾಣುತ್ತಿರಲಿಲ್ಲ. ಡ್ರೈವರ್ ಕೆಲಸ ಹುಡುಕುವವನು ಸ್ಟ್ಯಾಂಡಿಗೆ ಹೋಗುತ್ತಾನೆ, ನಾಲ್ಕು ಮಾಲೀಕರನ್ನು ಕೇಳುತ್ತಾನೆ, ಸಂಜೆಯೊಳಗೆ ಹೌದು ಇಲ್ಲ ಗೊತ್ತಾಗುತ್ತದೆ. ಬಿ.ಕಾಂ. ಮಾಡಿದವನು ಕೆಲಸ ಹುಡುಕುವುದೇ ಮೊಬೈಲ್‌ನಲ್ಲಿ. ಫಾರ್ಮ್ ತುಂಬಬೇಕು, ಫೋಟೊ ಅಪ್‌ಲೋಡ್ ಮಾಡಬೇಕು, ಫೀ ಕಟ್ಟಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತದೆ: ಹುಡುಗ ಮೊಬೈಲ್ ನೋಡುತ್ತಾ ಮಲಗಿದ್ದಾನೆ.

ಓದಿದವರಿಗೇ ಕೆಲಸ ಇಲ್ಲದಿರುವುದು ಅಪ್ಪನಿಗೆ ಅರ್ಥವೇ ಆಗುತ್ತಿರಲಿಲ್ಲ. ಅವರಿಗೆ ನಾನು ಒಂದು ಲೆಕ್ಕ ಹೇಳಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ದೆಹಲಿಯ ಒಂದು ಅಧ್ಯಯನ ಸಂಸ್ಥೆಯೂ ಸೇರಿ 2024ರಲ್ಲಿ ತಂದ ಭಾರತದ ಉದ್ಯೋಗ ವರದಿಯಲ್ಲಿ ಅದು ಇದೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ 3.4% ಇತ್ತು. ಪದವೀಧರ ಯುವಜನರಲ್ಲಿ 29.1%. ಓದದವರಿಗೆ ಒಳ್ಳೆಯ ಕೆಲಸ ಸಿಗುತ್ತಿದೆ ಅಂತ ಇದರ ಅರ್ಥ ಅಲ್ಲ. ಅವರಿಗೆ ಕೆಲಸ ಬಿಟ್ಟು ಕೂರುವ ಶಕ್ತಿ ಇಲ್ಲ, ಸಿಕ್ಕಿದ್ದನ್ನು ಮಾಡುತ್ತಾರೆ. ಓದಿದವರು ಓದಿಗೆ ತಕ್ಕ ಕೆಲಸ ಹುಡುಕುತ್ತಾರೆ, ಅದು ಅಷ್ಟು ಸಂಖ್ಯೆಯಲ್ಲಿ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ಹುಡುಗ ಒಬ್ಬನ ಅಲ್ಲ" ಅಂದರು.

ಹುಡುಗ ಒಬ್ಬನೇ ಇದ್ದಾಗ ನಾನು ಅವನನ್ನು ಮೊದಲು ಕೇಳಿದ್ದು ಕೆಲಸದ ವಿಷಯ ಅಲ್ಲ. ನಿದ್ದೆ, ಊಟ, ಗೆಳೆಯರು, ಮೊದಲು ಇಷ್ಟವಾಗುತ್ತಿದ್ದುದು ಈಗಲೂ ಇಷ್ಟವಾಗುತ್ತದಾ ಅಂತ. ಸಾಯಬೇಕು ಅನ್ನಿಸುತ್ತದಾ ಅಂತಲೂ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದರೆ ಭಾರ ಇಳಿಯುತ್ತದೆ. ಅವನು ಇಲ್ಲ ಅಂದ. ಬೇಜಾರು ಇತ್ತು, ನಾಚಿಕೆ ಜಾಸ್ತಿ ಇತ್ತು, ಆದರೆ ಕ್ರಿಕೆಟ್ ಆಡಲು ಕರೆದರೆ ಹೋಗುತ್ತಿದ್ದ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದೂ ಬೇಡ ಅನ್ನಿಸಿ, ನಿದ್ದೆ ಊಟ ಕೆಟ್ಟಿದ್ದರೆ ಮೊದಲು ಬಾಂಬೋಲಿಯಲ್ಲಿರುವ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕಳಿಸುತ್ತಿದ್ದೆ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಅವನ ಮೊಬೈಲ್‌ನಲ್ಲಿ ಸೇವ್ ಮಾಡಿಸಿದೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಹದಿನೈದು ವರ್ಷದ ಕಾಗದ

ಅಪ್ಪನ ಆಸೆ ಒಂದೇ: ಮಗ ಗೋವಾ ಸರ್ಕಾರದ ಆಫೀಸಿನಲ್ಲಿ ಕ್ಲರ್ಕ್ ಆಗಬೇಕು. ಮಡಗಾವಿನ ಕೋಚಿಂಗ್ ಕ್ಲಾಸಿಗೆ ಸಾಲ ಮಾಡಿ ದುಡ್ಡು ಕಟ್ಟಿದ್ದರು. ಮಗ ಹೋಗಿಬರುತ್ತಿದ್ದ, ಪುಸ್ತಕ ತೆರೆದು ಕೂರುತ್ತಿದ್ದ.

ಹಿಂದಿನ ಆರು ತಿಂಗಳಲ್ಲಿ ಯಾವ್ಯಾವ ಫಾರ್ಮ್ ತುಂಬಿದ್ದೀ, ತೋರಿಸು ಅಂದೆ. ಖಾಸಗಿ ಕಂಪನಿಗಳದು ಇದ್ದವು, ಬ್ಯಾಂಕಿನದು ಒಂದು ಇತ್ತು. ಗೋವಾ ಸರ್ಕಾರದ್ದು ಒಂದೂ ಇರಲಿಲ್ಲ. ಯಾಕೆ ಅಂತ ಕೇಳಿದೆ. ಬಹಳ ಹೊತ್ತು ಮೊಬೈಲ್ ಕವರ್‌ನ ಅಂಚು ಬಿಚ್ಚುತ್ತಾ ಹಾಕುತ್ತಾ ಕೂತ. ಆಮೇಲೆ ಹೇಳಿದ.

ಗೋವಾ ಸರ್ಕಾರದ ನೌಕರಿಗೆ ಎರಡು ಷರತ್ತು ಇರುತ್ತದೆ. ಕೊಂಕಣಿ ಬರಬೇಕು. ಗೋವಾದಲ್ಲಿ 15 ವರ್ಷ ವಾಸ ಇದ್ದೇನೆ ಅನ್ನುವ ಪ್ರಮಾಣಪತ್ರ ಬೇಕು, ಅದನ್ನು ಮಾಮಲೇದಾರರ (ತಹಶೀಲ್ದಾರರ) ಕಚೇರಿಯಲ್ಲಿ ಮಾಡಿಸಬೇಕು. ಕೊಂಕಣಿ ಅವನಿಗೆ ನೀರು ಕುಡಿದ ಹಾಗೆ, ಓಣಿಯಲ್ಲಿ ಆಡುತ್ತಾ ಕಲಿತದ್ದು. ಅಡ್ಡ ಬಂದದ್ದು ಎರಡನೆಯದು. ಅವನನ್ನು ಚಿಕ್ಕವನಿದ್ದಾಗ ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಆಗ ಇವರದು ಒಂದೇ ಕೋಣೆಯ ಬಾಡಿಗೆ ಮನೆ, ಮಗಳು ಆಗಷ್ಟೇ ಹುಟ್ಟಿದ್ದಳು. ಒಂದರಿಂದ ನಾಲ್ಕನೆಯ ಕ್ಲಾಸ್ ತನಕ ಅವನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಗೋವಾಕ್ಕೆ ಬಂದದ್ದು 2011ರ ಜೂನ್‌ನಲ್ಲಿ, ಐದನೆಯ ಕ್ಲಾಸಿಗೆ. ಕಾಗದದ ಮೇಲೆ 15 ವರ್ಷ ತುಂಬುವುದು 2026ರ ಜೂನ್‌ಗೆ.

ಇದು ಅವನಿಗೆ ಡಿಗ್ರಿ ಮುಗಿದ ವರ್ಷವೇ ಗೊತ್ತಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. "ಹೇಳಿದ್ರ ಅವ್ವ ಜೀವನಾ ಪೂರ್ತಿ ಅಳ್ತಾಳ. ನನ್ನ ಊರಿಗೆ ಕಳಿಸಿದ್ದಕ್ಕ ಹಿಂಗಾತು ಅಂತ. ಅಪ್ಪ ಕ್ಲಾಸಿಗೆ ರೊಕ್ಕ ಕಟ್ಟಿಬಿಟ್ಟಿದ್ದ. ಹೆಂಗ ಹೇಳ್ಲಿ?"

ನನ್ನ ಕೆಲಸದಲ್ಲಿ ಇಂಥದ್ದನ್ನು ಬೇರೆ ಬೇರೆ ರೂಪದಲ್ಲಿ ಕಂಡಿದ್ದೇನೆ. ಮಕ್ಕಳು ಸೋಮಾರಿಗಳ ಹಾಗೆ ಕಾಣುವುದರ ಹಿಂದೆ ಕೆಲವು ಸಲ ಅಪ್ಪ ಅಮ್ಮನನ್ನು ಕಾಪಾಡುವ ಒಂದು ಮೌನ ಇರುತ್ತದೆ. ಮೊದಲ ಸಲ ಓದಿದ ಮನೆಯಲ್ಲಿ ಅದು ಜಾಸ್ತಿ. ಯಾಕೆಂದರೆ ನೌಕರಿಯ ಷರತ್ತು, ಕಾಗದ, ಕೊನೆಯ ದಿನಾಂಕ ಇವೆಲ್ಲ ಗೊತ್ತಿರುವುದು ಮಗುವಿಗೊಬ್ಬನಿಗೇ. ತಪ್ಪಿದರೂ ಅವನೊಬ್ಬನೇ ಹೊರಬೇಕು.

ಅವನ ಬದಲು ನಾನು ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ಒಂದು ಸಂಜೆ ಮೂವರನ್ನೂ ಕೂರಿಸಿದೆ, ಅವನೇ ಹೇಳಿದ. ಅವ್ವ ಅತ್ತರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇನ್ನ ಎಷ್ಟ ದಿನ ಬೇಕು?" 2026ರ ಜೂನ್ ಅಂದ. "ಎರಡ ವರ್ಷಾನೂ ಇಲ್ಲ. ನೌಕರಿ ವಯಸ್ಸು ಮೀರೂದಿಲ್ಲಲ್ಲ?" ಇಲ್ಲ ಅಂದ. "ಮತ್ತ ಅಷ್ಟಕ್ಕ ಎರಡ ವರ್ಷ ಬಾಯಿ ಮುಚ್ಚಿಕೊಂಡಿದ್ದೆಲ್ಲೋ."

ದುಡ್ಡಿನ ಮಾತು

ಅವ್ವನ ರೊಟ್ಟಿ ದುಡ್ಡಿನ ಡಬ್ಬಿಯಿಂದ ಅವನಿಗೆ 50, 100, ಒಮ್ಮೊಮ್ಮೆ 200 ಸಿಗುತ್ತಿತ್ತು. ಅಪ್ಪನಿಗೆ ಗೊತ್ತಿಲ್ಲದ ಹಾಗೆ. ಪ್ರತಿ ಸಲ ಕೇಳಬೇಕು, ಪ್ರತಿ ಸಲ ಯಾತಕ್ಕೆ ಅಂತ ಹೇಳಬೇಕು. ಕೇಳುವುದಕ್ಕೆ ನಾಚಿಕೆಯಾಗಿ ಅವನು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದ. ಪಣಜಿಯಲ್ಲಿ ಇಂಟರ್‌ವ್ಯೂ ಇದ್ದರೆ ಬಸ್ ಚಾರ್ಜ್, ಊಟ, ಜೆರಾಕ್ಸ್ ಸೇರಿ ಕೇಳಬೇಕಲ್ಲ ಅಂತ ಒಂದೆರಡು ಇಂಟರ್‌ವ್ಯೂ ಬಿಟ್ಟೂ ಇದ್ದ. ಅವ್ವ ಕರುಣೆಯಿಂದಲೇ ಕೊಡುತ್ತಿದ್ದರು. ಕೊಡುವ ರೀತಿ ಅವನನ್ನು ಮನೆಯೊಳಗೆ ಕಟ್ಟಿಹಾಕಿತ್ತು.

ಒಂದು ತಿಂಗಳು ಬರೆದಿಟ್ಟು ನೋಡಿದಾಗ ಒಟ್ಟು ಸುಮಾರು ₹2,500 ಆಗುತ್ತಿತ್ತು. ಆ ದುಡ್ಡು ಹೇಗೂ ಹೋಗುತ್ತಿತ್ತು. ಹಾಗಾದರೆ ಅದನ್ನೇ ಒಂದನೇ ತಾರೀಕು ಒಮ್ಮೆಗೇ ಕೊಡಿ ಅಂದೆ. ಅಪ್ಪನೇ ಕೊಡಬೇಕು, ಎಲ್ಲರಿಗೂ ಗೊತ್ತಿರಬೇಕು. ರೀಚಾರ್ಜ್, ಬಸ್ಸು, ಫಾರ್ಮ್ ಫೀ, ಕಟಿಂಗ್ ಎಲ್ಲ ಅದರಲ್ಲೇ. ಲೆಕ್ಕ ಕೇಳುವ ಹಾಗಿಲ್ಲ. ಖಾಲಿಯಾದರೆ ಮುಂದಿನ ತಿಂಗಳ ತನಕ ಡಬ್ಬಿ ತೆರೆಯುವ ಹಾಗಿಲ್ಲ. ಈ ಕೊನೆಯ ಮಾತು ಅವ್ವನಿಗೆ ಬಹಳ ಕಷ್ಟವಾಯಿತು.

"ಮನೆಯಿಂದ ಹೊರಗೆ ಹಾಕಿ, ತಾನೇ ಕಲಿಯುತ್ತಾನೆ" ಅನ್ನುವ ಸಲಹೆ ಇಂಥ ಮನೆಗಳಿಗೆ ಸಿಗುತ್ತಲೇ ಇರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ವಾಸ್ಕೋದಲ್ಲಿ ಒಂದು ಕೋಣೆಯ ಬಾಡಿಗೆ ಕಟ್ಟಲು ಹೊರಟರೆ ಅವನು ಸಿಕ್ಕ ಯಾವುದೋ ಕೆಲಸಕ್ಕೆ ಸೇರಿ, ಡಿಗ್ರಿಯಿಂದ ಸಿಗಬಹುದಾದ ದಾರಿಯನ್ನೇ ಬಿಟ್ಟುಬಿಡುತ್ತಾನೆ. ಗಂಡು ಹುಡುಗ, ಇರಲಿ ಬಿಡಿ ಅನ್ನುವುದೂ ಸರಿಯಲ್ಲ. ಆ ಮನೆಯ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದರೆ ಮಾತು ಮದುವೆಯ ಕಡೆ ತಿರುಗುತ್ತದೆ ಅಂತ ಅವಳಿಗೆ ಗೊತ್ತು. ಅವಳಿಗೂ ಇದೇ ಏರ್ಪಾಡು ಅಂತ ಅಪ್ಪನ ಬಾಯಿಂದ ಹೇಳಿಸಿದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಅವನು ದಿನಾ ರೊಟ್ಟಿ ತಲುಪಿಸುತ್ತಿದ್ದ. ಅಪ್ಪನ ಗಾಡಿಯ ವಿಮೆ ಕಟ್ಟುತ್ತಿದ್ದ. ಓಣಿಯ ಅರ್ಧ ಜನರ ಆಧಾರ್, ಪ್ಯಾನ್ ಕೆಲಸ ಮಾಡಿಕೊಡುತ್ತಿದ್ದ. ಸರ್ಕಾರ 2017ರಿಂದ ನಡೆಸುತ್ತಿರುವ ಕಾರ್ಮಿಕ ಸಮೀಕ್ಷೆಯಲ್ಲಿ ಮನೆಯ ವ್ಯಾಪಾರಕ್ಕೆ ಸಂಬಳವಿಲ್ಲದೆ ಕೈ ಜೋಡಿಸುವವರನ್ನೂ ದುಡಿಯುವವರು ಅಂತಲೇ ಎಣಿಸುತ್ತಾರೆ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅವನು ದುಡಿಯುವವನು. ಮನೆಯ ಲೆಕ್ಕದಲ್ಲಿ ಮಾತ್ರ ಸುಮ್ನೆ ಕೂತವನು.

ರೊಟ್ಟಿ ಕೊಟ್ಟುಬರುವುದಕ್ಕೆ ಅವನಿಗೆ ಏನಾದರೂ ಕೊಡಬಹುದಾ ಅಂತ ಅವ್ವನನ್ನು ಕೇಳಿದೆ. "ಮಗಂಗ ಕೂಲಿ ಕೊಡೂದೇನ್ರಿ ಅಕ್ಕಾರ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಬದಲಿಗೆ ವ್ಯಾಪಾರದ ಲೆಕ್ಕ ಅವನ ಕೈಗೆ ಕೊಡಲು ಒಪ್ಪಿದರು.

ಅವನು ಒಂದು ನೋಟ್‌ಬುಕ್ ಹಾಕಿದ. ಬಿಜಾಪುರ ಕಡೆಯಿಂದ ಬರುವ ಜೋಳ, ಬೀಸಿಸುವ ಖರ್ಚು, ಗ್ಯಾಸ್ ಸಿಲಿಂಡರ್ ಎಷ್ಟು ದಿನಕ್ಕೆ ಮುಗಿಯುತ್ತದೆ, ಪ್ಲಾಸ್ಟಿಕ್ ಕವರ್, ಸ್ಕೂಟರ್ ಪೆಟ್ರೋಲ್. ಎಲ್ಲ ಬರೆದ. ಅವ್ವ ಒಂದು ರೊಟ್ಟಿಗೆ ₹8 ತಗೊಳ್ಳುತ್ತಿದ್ದರು, ವರ್ಷಗಳಿಂದ ಅದೇ ರೇಟು. ಅವ್ವನ ದುಡಿಮೆ ಬಿಟ್ಟೇ ಖರ್ಚು ₹6.50 ಬರುತ್ತಿತ್ತು. ಶೇಂಗಾ ಚಟ್ನಿಪುಡಿಯ ₹30ರ ಪೊಟ್ಟಣಕ್ಕೆ ಖರ್ಚೇ ₹31. ಪ್ರತಿ ಪೊಟ್ಟಣಕ್ಕೂ ಕೈಯಿಂದ ಹೋಗುತ್ತಿತ್ತು. ಮುಂಜಾನೆ ನಾಲ್ಕಕ್ಕೆ ಎದ್ದು ಬಡಿಯುವ ರೊಟ್ಟಿಯಲ್ಲಿ ಇಷ್ಟೇ ಉಳಿಯುವುದಾ ಅಂತ ಮಗನಿಗೇ ಸಂಕಟವಾಯಿತು. ರೊಟ್ಟಿಗೆ ₹10, ಚಟ್ನಿಪುಡಿಗೆ ₹40 ಮಾಡಿದರು. ಖಾನಾವಳಿಯವರ ಹತ್ತಿರ ಮಾತಾಡಲು ಅವನೇ ಹೋದ. ಎರಡು ಮನೆಗಳು ಬಿಟ್ಟುಹೋದವು, ಉಳಿದವರೆಲ್ಲ ಒಪ್ಪಿದರು.

ಭಾನುವಾರದ ಅರ್ಧ ಗಂಟೆ

"ಏನಾತು?" ಅನ್ನುವ ಪ್ರಶ್ನೆ ಆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ. ಊಟಕ್ಕೆ ಕೂತಾಗ, ಟಿವಿ ನೋಡುವಾಗ, ಫೋನ್ ಬಂದಾಗ. ಕೆಲಸದ ಮಾತು ಭಾನುವಾರ ಸಂಜೆ ಚಹಾ ಆದ ಮೇಲೆ ಅರ್ಧ ಗಂಟೆ ಮಾತ್ರ ಅಂತ ಗೊತ್ತು ಮಾಡಿದೆವು. ಆ ವಾರ ಏನು ಮಾಡಿದೆ, ಮುಂದಿನ ವಾರ ಏನು ಮಾಡುತ್ತೇನೆ ಅಂತ ಅವನು ಹೇಳಬೇಕು. ಉಳಿದ ದಿನ ಯಾರೂ ಕೇಳಬಾರದು. ಅಪ್ಪ ಬುಧವಾರಕ್ಕೇ ಮುರಿದರು. ಮಗಳು "ಅಪ್ಪಾ, ಐತವಾರ" ಅಂತ ನೆನಪಿಸಿದಳು. ನಿಧಾನಕ್ಕೆ ರೂಢಿಯಾಯಿತು.

ಊರಿನ ಸೋದರಮಾವ ಫೋನ್ ಮಾಡಿದಾಗಲೆಲ್ಲ "ಅಳಿಯಂದ ನೌಕರಿ ಏನಾತು?" ಅನ್ನುತ್ತಿದ್ದರು. ಅದಕ್ಕೆ ಉತ್ತರ ಕೊಡುವುದು ಇನ್ನು ಅಪ್ಪನ ಕೆಲಸ ಅಂತ ಆಯಿತು: "ಪರೀಕ್ಷಾಕ್ಕ ಓದ್ಲಿಕತ್ತಾನ, ಅವರವ್ವನ ವ್ಯಾಪಾರದ ಲೆಕ್ಕ ನೋಡ್ತಾನ." ಅಷ್ಟೇ. ಎರಡೂ ಸತ್ಯ. ಮದುವೆ ಮನೆಗೆ ಹೋಗಲು ಹುಡುಗ ಮತ್ತೆ ಒಪ್ಪಿದ್ದು ಇದಾದ ಮೇಲೆ.

ಹುಡುಕುವ ದಾರಿಯನ್ನೂ ಬದಲಿಸಿದ. 2026ರ ತನಕ ರಾಜ್ಯ ಸರ್ಕಾರದ ನೌಕರಿ ಇಲ್ಲ ಅಂತ ಒಪ್ಪಿಕೊಂಡ ಮೇಲೆ ಉಳಿದದ್ದು ಕಣ್ಣಿಗೆ ಕಾಣತೊಡಗಿತು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ 20ರಿಂದ 28 ವಯಸ್ಸು, ಆಯಾ ರಾಜ್ಯದ ಭಾಷೆ ಬರಬೇಕು. ಅವನಿಗೆ ಕೊಂಕಣಿ, ಕನ್ನಡ ಎರಡೂ ಬರುತ್ತದೆ. ಅದಲ್ಲದೆ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯ ನ್ಯಾಟ್ಸ್ ಪೋರ್ಟಲ್ ಇದೆ. ಅಪ್ರೆಂಟಿಸ್ ಅಂದರೆ ಐಟಿಐ ಹುಡುಗರಿಗೆ ಮಾತ್ರ ಅಂತ ಮನೆಯವರು ತಿಳಿದಿದ್ದರು. ಬಿ.ಕಾಂ. ಆದವರೂ ಸೇರಬಹುದು. 2019ರ ನಿಯಮದಂತೆ ಪದವೀಧರರಿಗೆ ಆಗ ತಿಂಗಳಿಗೆ ಕನಿಷ್ಠ ₹9,000 ಸ್ಟೈಪೆಂಡ್ ಇತ್ತು. ಇದು ನೌಕರಿ ಅಲ್ಲ, ತರಬೇತಿ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪನಿಗೆ ಕಡ್ಡಾಯ ಇಲ್ಲ. ಇದನ್ನು ಮೊದಲೇ ಅಪ್ಪನಿಗೆ ಬಿಡಿಸಿ ಹೇಳಿದೆವು, ಆಮೇಲೆ ಮೋಸ ಹೋದೆವು ಅನ್ನಿಸಬಾರದು ಅಂತ.

ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಿಂದ ಇಂಟರ್‌ವ್ಯೂಗೆ ಕರೆ ಬಂತು. ಎರಡು ವರ್ಷ ಏನು ಮಾಡಿದೆ ಅಂತ ಕೇಳಿದರು. ಹಿಂದೆ ಈ ಪ್ರಶ್ನೆಗೇ ಅವನು ತಡವರಿಸುತ್ತಿದ್ದ. ಈ ಸಲ ಅವ್ವನ ವ್ಯಾಪಾರದ ನೋಟ್‌ಬುಕ್ಕಿನ ಕಥೆ ಹೇಳಿದ, ಯಾವ ವಸ್ತುವಿಗೆ ಎಷ್ಟು ಖರ್ಚು ಬಿದ್ದಿತ್ತು, ರೇಟು ಹೇಗೆ ಬದಲಿಸಿದೆವು ಅಂತ. 2025ರ ಫೆಬ್ರುವರಿಯಲ್ಲಿ ಸೇರಿದ. ನಿದ್ದೆಯ ಸಮಸ್ಯೆಗೆ ನಾನು ಹೇಳಿದ ಯಾವ ಉಪಾಯವೂ ಮಾಡದ ಕೆಲಸವನ್ನು ಮುಂಜಾನೆ ಏಳೂವರೆಯ ಕಂಪನಿ ಬಸ್ಸು ಮಾಡಿತು.

ಸೇರಿದ ಮೇಲೆ

ಈಗ 2025ರ ಕೊನೆ. ಬ್ಯಾಂಕ್ ಪರೀಕ್ಷೆ ಬರೆದ, ಪ್ರಿಲಿಮ್ಸ್ ದಾಟಲಿಲ್ಲ. ಮತ್ತೆ ಬರೆಯುತ್ತಾನೆ. ಕೋಚಿಂಗ್ ಕ್ಲಾಸಿಗೆ ಮಾಡಿದ ಸಾಲ ಇನ್ನೂ ಸ್ವಲ್ಪ ಉಳಿದಿದೆ. ಅವ್ವ ಈಗಲೂ ನಾಲ್ಕಕ್ಕೆ ಏಳುತ್ತಾರೆ. ಊರಿಗೆ ಕಳಿಸಿದ ವಿಷಯ ಬಂದಾಗ ಕಣ್ಣಲ್ಲಿ ನೀರು ಬರುವುದೂ ನಿಂತಿಲ್ಲ. ಅದು ಬೇಗ ನಿಲ್ಲುವಂಥದ್ದಲ್ಲ ಅಂತ ನನಗೂ ಗೊತ್ತು.

ಸ್ಟೈಪೆಂಡ್ ಬಂದ ಮೇಲೆ ಹೊಸ ಜಗಳ ಶುರುವಾಯಿತು. ಮಗನ ದುಡ್ಡು ಮುಟ್ಟುವುದಿಲ್ಲ ಅಂತ ಅಪ್ಪ. ತಿಂಗಳಿಗೆ ₹3,000 ಮನೆಗೆ ಕೊಡಲಿ ಅಂತ ಅವ್ವ. ನಾನು ಅವ್ವನ ಪರ. ಎರಡು ವರ್ಷ ತಗೊಂಡವನಿಗೆ ಕೊಡುವ ಅವಕಾಶವೂ ಬೇಕು, ಅದನ್ನು ಪ್ರೀತಿಯ ಹೆಸರಲ್ಲಿ ತಪ್ಪಿಸಬಾರದು. ಕೊನೆಗೆ ಗ್ಯಾಸ್ ಸಿಲಿಂಡರ್, ತಂಗಿಯ ಕಾಲೇಜ್ ಬಸ್ ಪಾಸ್ ಅವನದು ಅಂತ ಆಯಿತು.

2026ರ ಫೆಬ್ರುವರಿಗೆ ತರಬೇತಿ ಮುಗಿಯುತ್ತದೆ. ಕಂಪನಿ ಉಳಿಸಿಕೊಳ್ಳುತ್ತದೋ ಇಲ್ಲವೋ ಹೇಳಿಲ್ಲ. ಉಳಿಸಿಕೊಳ್ಳದಿದ್ದರೆ ಮಾರ್ಚ್ ಒಂದರಿಂದ ₹2,500 ಮತ್ತೆ ಶುರು, ಯಾರೂ ಕೇಳಬೇಕಾಗಿಲ್ಲ ಅಂತ ಭಾನುವಾರದ ಮಾತಿನಲ್ಲಿ ಈಗಲೇ ತೀರ್ಮಾನವಾಗಿದೆ. ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳನ್ನು ಅಪ್ಪ ಮಗ ಸೇರಿ ಒಂದು ಫೈಲಿನಲ್ಲಿ ಜೋಡಿಸುತ್ತಿದ್ದಾರೆ: ಪ್ರತಿ ವರ್ಷದ ಶಾಲೆಯ ದಾಖಲೆ, ರೇಷನ್ ಕಾರ್ಡ್, ಹಳೆಯ ಬಾಡಿಗೆ ಮನೆಯ ಕರಾರು. ಆರನೆಯ ಕ್ಲಾಸಿನದು ಮಾತ್ರ ಸಿಕ್ಕಿಲ್ಲ. ಆ ಶಾಲೆ ಶನಿವಾರ ಅರ್ಧ ದಿನ ತೆರೆದಿರುತ್ತದೆ. ಮಗನಿಗೆ ರಜೆ ಸಿಗದಿದ್ದರೆ ಈ ಶನಿವಾರ ಅಪ್ಪನೇ ಹೋಗಿ ಕೇಳುತ್ತಾರಂತೆ.